ಹಜ್ಜಾನ ಮನೆ

ಮಗಳನ್ನು ನೋಡಲು ಹೊರಟವರು ಮಗಳಿರುವ ಮನೆಯವರ ಹೆಸರನ್ನಾದರೂ ಕೇಳಿ ತಿಳಿದಿರಬೇಕೆಂಬ ಬುದ್ಧಿ ಅಲ್ಲಾಲನಿಗೂ ಇರಲಿಲ್ಲ, ಅವನ ಹೆಂಡತಿ ತೂದಾಳಿಗೂ ಇರಲಿಲ್ಲ. ಅದರಲ್ಲಿ ಅವರ ತಪ್ಪು ಅಂಥದ್ದೇನಿಲ್ಲ. ಅವರ ಬೆಟ್ಟದೂರಿನಲ್ಲಿ ಇದ್ದದ್ದೇ ಹದಿನೇಳು ಮನೆ, ಮೆಕ್ಕಾಗೆ ಹೋಗಿಬಂದ ಹೆಂಗಸು ಒಬ್ಬಳೇ. ಹಜ್ಜಾ ಅಂದರೆ ಅವಳೇ, ಇನ್ನೊಂದು ಹೆಸರಿನ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಎರಡು ವರ್ಷದ ಹಿಂದೆ ಪಟ್ಟಣ ಸೇರಿದ್ದ ಅಲ್ಲಾಲನ ಅಕ್ಕ ಹನಿಯಾ ಊರಿಗೆ ಬಂದು, "ಫೆಸ್‌ನಲ್ಲಿ ನಮ್ಮನೆ ಹತ್ರಾನೇ ಒಬ್ರು ಹಜ್ಜಾ ಇದಾರೆ. ಫಾದ್ಮಾನ ಅವರ ಮನೇಲಿ ಬಿಡೋಣ. ಕೆಲಸ ಕಲೀತಾಳೆ, ಹೊಟ್ಟೆ ತುಂಬ ಉಣ್ತಾಳೆ," ಎಂದಾಗ ಇವರು ತಲೆಯಾಡಿಸಿದ್ದರು. ಹತ್ತು ವರ್ಷದ ಹುಡುಗಿ ಅತ್ತೆಯ ಕೈ ಹಿಡಿದು ಬಸ್ಸು ಹತ್ತಿ ಹೋಗಿತ್ತು.

ಕುರಿ ಕೊಯ್ಯುವ ಬಲಿಯ ಹಬ್ಬಕ್ಕೆ ಕಳಿಸುತ್ತೇನೆ ಎಂದ ಹನಿಯಾ ಮೊದಲ ವರ್ಷವೂ ಕಳಿಸಲಿಲ್ಲ, ಈ ವರ್ಷವೂ ಕಳಿಸಲಿಲ್ಲ. ಹಬ್ಬ ಕಳೆದು ತಿಂಗಳಾದ ಮೇಲೆ ಊರಿನವರ ಕೈಯಲ್ಲಿ ಒಂದು ಹಸಿರು ತಲೆವಸ್ತ್ರ ಬಂತು. ಫಾದ್ಮಾ ಅಮ್ಮನಿಗೆಂದು ಕೊಟ್ಟಿದ್ದಂತೆ. ತೂದಾ ಅದನ್ನು ಮೂಗಿಗೆ ಹಿಡಿದು ನೋಡಿದಳು. ಅಂಗಡಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ನಂಗೆ ಬಟ್ಟೆ ಬೇಡ, ಕೂಸು ಬೇಕು," ಎಂದು ಅವಳು ಹಟ ಹಿಡಿದಳು. ಅಕ್ರೋಟು ಬಡಿದು ಮುಗಿದ ವಾರವೇ ಒಂದು ಚೀಲ ಅಕ್ರೋಟು, ಒಂದು ಗಡಿಗೆ ಬೆಣ್ಣೆ ಹೊತ್ತುಕೊಂಡು ಗಂಡಹೆಂಡತಿ ಫೆಸ್‌ನಲ್ಲಿ ಇಳಿದರು.

ಹನಿಯಾ ಇದ್ದದ್ದು ಹಳೇ ಊರಿನ ಒಂದು ದೊಡ್ಡ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ. ಉಳಿದ ಕೋಣೆಗಳಲ್ಲಿ ಇನ್ನು ಮೂರು ಸಂಸಾರ. ಗಂಡ ಸತ್ತಿದ್ದ. ಮನೆಯಲ್ಲಿ ಹದಿನಾರು ವರ್ಷದ ಮಗಳು ಸಲ್ವಾ, ಅತ್ತೆ ಲಲ್ಲಾ ಬತೂಲ್. ಮೂವರೂ ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಬೆಳಕಿಗೆ ಕೂತು ನಿಲುವಂಗಿಗಳಿಗೆ ರೇಷ್ಮೆ ದಾರದ ಗುಂಡಿ ಸುತ್ತುತ್ತಿದ್ದರು. ಅದೇ ಅವರ ಅನ್ನ.

"ಒಂದು ಮಾತು ಹೇಳಿ ಬರಬಾರ್ದಿತ್ತಾ?" ಎಂದಳು ಹನಿಯಾ. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಹೇಳಿದ್ರೆ ಬರಬೇಡಿ ಅಂತಿದ್ರಿ, ಅತ್ತಿಗೆ. ಫಾದ್ಮಾ ಎಲ್ಲಿ?"

"ಮೊದಲು ಕೂತ್ಕೊ, ಚಹಾ ಕುಡಿ. ಹಜ್ಜಾನ ಮನೇಲಿದಾಳೆ, ಇನ್ನೆಲ್ಲಿರ್ತಾಳೆ? ನಾಳೆ ಕರ್ಕೊಂಡು ಹೋಗ್ತೀನಿ."

ಲಲ್ಲಾ ಬತೂಲ್ ಗಡಿಗೆಯ ಬಾಯಿ ಬಿಚ್ಚಿ ಬೆಣ್ಣೆಯನ್ನು ಬೆರಳಲ್ಲಿ ತೆಗೆದು ನೆಕ್ಕಿದಳು. "ಬೆಟ್ಟದ ಜನಕ್ಕೆ ಬೆಣ್ಣೆ ಕಡೆಯೋಕೆ ಬರುತ್ತೆ, ಅಷ್ಟರಮಟ್ಟಿಗೆ ಪರವಾಗಿಲ್ಲ," ಎಂದು ಸೊಸೆಯ ನೆಂಟರನ್ನು ಸ್ವಾಗತಿಸಿದಳು.

ನಾಳೆ ಬಂತು. ಹಜ್ಜಾ ಮಗಳ ಮನೆಗೆ ತಾಂಜಿಯರ್‌ಗೆ ಹೋಗಿದ್ದಾಳೆ, ಫಾದ್ಮಾನನ್ನೂ ಕರೆದುಕೊಂಡು ಹೋಗಿದ್ದಾಳೆ ಎಂದಾಯಿತು. ಮಾರನೆಯ ದಿನ ಹನಿಯಾಳಿಗೆ ಹಲ್ಲುನೋವು. ನಾಲ್ಕನೆಯ ದಿನ ಹರೀರಾ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಅವಳು ಬಾಯಿಬಿಟ್ಟಳು.

"ಅವರು ಮನೆ ಬದಲಾಯಿಸಿಬಿಟ್ಟಿದಾರೆ. ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ."

ಅಲ್ಲಾಲನ ಕೈಯ ಚಮಚ ಬಟ್ಟಲಿನಲ್ಲೇ ನಿಂತಿತು. "ಗೊತ್ತಿಲ್ಲ ಅಂದ್ರೆ ಏನಕ್ಕಾ? ನನ್ನ ಮಗಳು ಅಲ್ಲಿದಾಳೆ."

"ಊರು ಬಿಟ್ಟೇನೂ ಹೋಗಿಲ್ಲ. ಇಲ್ಲೇ ಹಳೇ ಊರಲ್ಲೇ ಎಲ್ಲೋ ಇದಾರೆ. ಹುಡುಕಿದ್ರೆ ಸಿಗ್ತಾರೆ. ಮನೆ ಪಕ್ಕ ನೀರಿನ ಕಟ್ಟೆ, ಮಸೀದಿ ಇದೆಯಂತೆ, ಹಜ್ಜಾನ ಮನೆ ಅಂತ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ."

"ಹಾಗಾದ್ರೆ ಹುಡುಕ್ತೀವಿ," ಎಂದಳು ತೂದಾ. ಸಲ್ವಾ ಬಟ್ಟಲಿನಿಂದ ತಲೆ ಎತ್ತಲಿಲ್ಲ.

ಹೀಗೆ ಶುರುವಾಯಿತು ಅವರ ಊರು ಸುತ್ತುವ ಕೆಲಸ. ಬೆಳಗ್ಗೆ ರೊಟ್ಟಿ, ಎಣ್ಣೆ, ಚಹಾ ಮುಗಿಸಿ ಹೊರಟರೆ ಸಂಜೆಯ ನಮಾಜಿನ ಕರೆಗೆ ವಾಪಸು. ಗೋಡೆ ಗೋಡೆ ತಾಕುವಂಥ ಗಲ್ಲಿಗಳಲ್ಲಿ "ಬಾಲಕ್! ಬಾಲಕ್!" ಎಂದು ಹಿಂದಿನಿಂದ ಸರಿಯಿರಿ ಎಂಬ ಕೂಗು ಬಂದರೆ ಗಂಡಹೆಂಡತಿ ಗೋಡೆಗೆ ಅಂಟಿಕೊಂಡು ಹೇಸರಗತ್ತೆಗೆ ದಾರಿ ಬಿಡುವುದು, ಮತ್ತೆ ನಡೆಯುವುದು. ಅಲ್ಲಾಲ ಬೆಟ್ಟದಲ್ಲಿ ಕಳೆದುಹೋದ ಆಡನ್ನು ಮಂಜಿನಲ್ಲೂ ಹುಡುಕಿ ತಂದವನು. ಇಲ್ಲಿ ಎರಡನೆಯ ತಿರುವಿಗೇ ಬಂದ ದಾರಿ ಮರೆಯುತ್ತಿದ್ದ. ತೂದಾ ಸಂತೆಯಲ್ಲಿ ಕಲಿತ ಹರುಕುಮುರುಕು ಅರಬ್ಬಿಯಲ್ಲಿ ಬಾಗಿಲು ಬಡಿದು ಕೇಳುತ್ತಿದ್ದಳು.

"ಹಜ್ಜಾ ಇದಾರಾ?"

"ಯಾವ ಹಜ್ಜಾ?"

"ಮೆಕ್ಕಾಗೆ ಹೋಗಿಬಂದೋರು."

ಒಳಗೆ ನಗು. "ನಮ್ಮನೇಲೇ ಮೂರು ಜನ ಇದೀವಿ ತಾಯಿ. ಯಾರು ಬೇಕು?"

"ಅವರ ಮನೆ ಪಕ್ಕ ನೀರಿನ ಕಟ್ಟೆ ಇದೆಯಂತೆ. ಮಸೀದಿ ಇದೆಯಂತೆ."

"ನೀರಿನ ಕಟ್ಟೆ, ಮಸೀದಿ ಇಲ್ಲದ ಗಲ್ಲಿ ಫೆಸ್‌ನಲ್ಲಿ ಯಾವುದಾದ್ರೂ ಇದ್ರೆ ನಂಗೂ ತೋರಿಸಿ!"

ಒಂದು ವಾರದಲ್ಲಿ ಅವರು ಎಷ್ಟು ಬಾಗಿಲು ಬಡಿದರೋ ಲೆಕ್ಕವಿಲ್ಲ. ಹಸಿರು ವಸ್ತ್ರ ಕಟ್ಟಿದ ಹೆಂಗಸು, ಅವಳ ಹಿಂದೆ ಮಾತಾಡದ ಗಂಡಸು ಎಂದು ಅಂಗಡಿಯವರಿಗೆ ಅವರ ಗುರುತು ಹತ್ತಿತು. ಎಂಟನೆಯ ದಿನ ಮಧ್ಯಾಹ್ನವಿಡೀ ಸುತ್ತಿ ಅವರು ಬೆಳಗ್ಗೆ ಬಡಿದ ಬಾಗಿಲಿಗೇ ಮತ್ತೆ ಬಂದು ನಿಂತರು. ಬಾಗಿಲು ತೆರೆದ ಮುದುಕಿ ಇವರನ್ನು ನೋಡಿದಳು, ಒಳಗೆ ಹೋದಳು, ಅರ್ಧ ರೊಟ್ಟಿಯ ಮೇಲೆ ನಾಲ್ಕು ಆಲಿವ್ ಕಾಯಿಟ್ಟು ಅಲ್ಲಾಲನ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡಳು. ಭಿಕ್ಷೆಯವರೆಂದುಕೊಂಡಿರಬೇಕು. ಅವನಿಗೆ ನೆಲ ಬಾಯಿಬಿಡಬಾರದೇ ಎನಿಸಿತ್ತು.

ಮರುದಿನ ಅವನು ಹುಡುಕಲು ಬರಲಿಲ್ಲ. ಸಂಜೆ ಮೊಣಕಾಲಿನವರೆಗೆ ಸುಣ್ಣ ಮೆತ್ತಿಕೊಂಡು ಮನೆಗೆ ಬಂದ. ಊರ ತಗ್ಗಿನಲ್ಲಿ ಹೊಳೆಯ ಪಕ್ಕ ಚರ್ಮ ಹದ ಮಾಡುವ ಗುಂಡಿಗಳಿವೆ, ಅಲ್ಲಿ ಚರ್ಮ ತುಳಿಯುವ ಕೂಲಿ ಹಿಡಿದಿದ್ದ.

ಲಲ್ಲಾ ಬತೂಲ್ ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿದಳು. "ಅಯ್ಯೋ, ಆ ನಾತ ತೊಳೆದು ಬರಬಾರದೇನಪ್ಪಾ? ಊಟ ಮಾಡೋರು ನಾವೂ ಇದೀವಿ."

"ಫಾದ್ಮಾನ ಅಪ್ಪಾ," ಎಂದಳು ತೂದಾ, ಧ್ವನಿ ಏರಿಸದೆ. "ಚರ್ಮ ತುಳಿಯೋಕೆ ಬಂದ್ಯಾ, ಮಗಳನ್ನ ಹುಡುಕೋಕೆ ಬಂದ್ಯಾ?"

"ಎಷ್ಟು ದಿನ ಅಕ್ಕನ ಮನೇಲಿ ಕೂತು ತಿನ್ನೋದು? ಅವಳೂ ಗುಂಡಿ ಸುತ್ತಿ ಬದುಕೋಳು."

"ಅಕ್ಕ ನಿನ್ನ ಕೇಳಿದ್ಲಾ?"

"ಕೇಳಬೇಕಾ? ಮುದುಕಿ ದಿನಾ ಎಣ್ಣೆ ಸೀಸೆ ಎತ್ತಿ ಬೆಳಕಿಗೆ ಹಿಡೀತಾಳೆ. ಕಣ್ಣಿಲ್ವಾ ನಂಗೆ?"

"ಹಿಡಿದೆ, ಈಗಲೂ ಹಿಡೀತೀನಿ. ನನ್ನ ಎಣ್ಣೆ ನಾನು ನೋಡ್ಕೊಂಡ್ರೆ ತಪ್ಪಾ?" ಎಂದಳು ಲಲ್ಲಾ ಬತೂಲ್.

"ಅಜ್ಜಿ, ಸುಮ್ನಿರು," ಎಂದಳು ಸಲ್ವಾ.

"ನೀನು ಸುಮ್ನಿರು. ನಿಮ್ಮಮ್ಮನ ಊರಿನ ಜನ ಬಂದಾಗಿಂದ ನೀನೂ ದೊಡ್ಡೋಳಾಗಿದೀಯ."

ಹನಿಯಾ ಬೇಳೆಸಾರು ಬಡಿಸಿದಳು. ತಮ್ಮನ ಪಾಲಿಗೆ ಒಂದು ಸೌಟು ಹೆಚ್ಚೇ ಬಿತ್ತು. ತೂದಾಳಿಗೆ ಅದೂ ಕಣ್ಣಿಗೆ ಬಿತ್ತು. ತಪ್ಪು ಮಾಡಿದವರ ಕೈ ಹೀಗೆ ಧಾರಾಳವಾಗುವುದನ್ನು ಅವಳು ನೋಡಿ ಬಲ್ಲಳು. ಆದರೆ ಏನು ತಪ್ಪು ಎಂದು ಊಹಿಸಲು ಹೆದರಿ, ಎದ್ದು ಪಾತ್ರೆ ತೊಳೆಯುತ್ತಿದ್ದಳು.

ಆಮೇಲೆ ಅವಳೊಬ್ಬಳೇ ಸುತ್ತಿದಳು. ದಿನ ಕಳೆದಂತೆ ಮನೆಯಲ್ಲಿ ಎಲ್ಲರ ತಾಳ್ಮೆಯೂ ತೆಳುವಾಯಿತು. ನೀರು ತರುವುದಕ್ಕೆ ಜಗಳ, ಹಾಸಿಗೆ ಹಾಸುವ ಜಾಗಕ್ಕೆ ಜಗಳ, ಅಕ್ರೋಟಿನ ಸಿಪ್ಪೆ ಮೆಟ್ಟಿಲ ಮೇಲೆ ಬಿದ್ದಿದ್ದಕ್ಕೆ ಕೆಳಗಿನ ಮನೆಯವರ ಜೊತೆ ಜಗಳ. ತೂದಾ ಬೆಳಗ್ಗೆ ಎದ್ದು ಎಲ್ಲರ ಹಿಟ್ಟು ನಾದಿಟ್ಟೇ ಹೊರಡುತ್ತಿದ್ದಳು, ಯಾರ ಬಾಯಿಗೂ ಸಿಗಬಾರದೆಂದು.

ಮೂರನೆಯ ವಾರದಲ್ಲಿ ಒಂದು ದಿನ ಅವಳು ನಾದಿದ ರೊಟ್ಟಿಗಳನ್ನು ಹಲಗೆಯ ಮೇಲೆ ಜೋಡಿಸಿ ಬಟ್ಟೆ ಮುಚ್ಚುವಾಗ ಸಲ್ವಾ ಹತ್ತಿರ ಬಂದಳು. ರೊಟ್ಟಿಯ ಹಲಗೆಯನ್ನು ಗಲ್ಲಿಯ ಒಲೆಗೆ ಒಯ್ದು ಸುಡಿಸಿ ತರುವುದು ಅವಳ ಕೆಲಸ.

"ಅತ್ತೆ, ಇವತ್ತು ನೀವೇ ಒಯ್ತೀರಾ? ನಮ್ಮ ಗಲ್ಲಿ ಒಲೆ ಕೆಟ್ಟಿದೆ. ಕೆಳಗೆ, ಬಟ್ಟೆಗೆ ಬಣ್ಣ ಹಾಕೋರ ಸಾಲು ದಾಟಿದ ಮೇಲೆ ಇನ್ನೊಂದಿದೆ. ಅಲ್ಲಿಗೇ ಹೋಗಿ." ಹುಡುಗಿಯ ಕಣ್ಣು ನೆಲದ ಮೇಲಿತ್ತು. "ಅಲ್ಲಿಗೇ ಹೋಗಿ, ಅತ್ತೆ. ಬೇರೆ ಕಡೆ ಬೇಡ."

ತೂದಾ ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ದಾರಿಯಲ್ಲಿ ನೋಡಿದರೆ ಕೆಟ್ಟಿದೆ ಎಂದ ಒಲೆಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು, ಹೊಗೆ ಚೆನ್ನಾಗಿಯೇ ಹೋಗುತ್ತಿತ್ತು. ಅವಳು ಅಲ್ಲಿ ನಿಲ್ಲಲಿಲ್ಲ.

ಕೆಳಗಿನ ಒಲೆಯವನು ಉದ್ದನೆಯ ಮರದ ಸಲಿಕೆಯಿಂದ ರೊಟ್ಟಿಗಳನ್ನು ಒಳಗೆ ತಳ್ಳುತ್ತ, ಹೊರಗೆ ಎಳೆಯುತ್ತ ಇದ್ದ. ಅರವತ್ತು ಮನೆಯ ರೊಟ್ಟಿ ಬೆರೆಯದಂತೆ ಸುಟ್ಟು ಅವರವರ ಹಲಗೆಗೇ ಹಾಕುತ್ತಿದ್ದ. ತೂದಾ ತನ್ನ ಹಲಗೆ ಇಳಿಸಿದಳು, ಪಕ್ಕದ ಹಲಗೆಯತ್ತ ನೋಡಿದಳು. ಐದು ರೊಟ್ಟಿ. ಪ್ರತಿಯೊಂದರ ನಡುವೆ ಮೂರು ಬೆರಳು ಒತ್ತಿದ ಗುರುತು, ಅಂಚಿನಲ್ಲಿ ಒಂದೇ ಕಡೆ ಚಿವುಟಿದ್ದು. ಅದು ಅವಳ ತವರಿನ ಗುರುತು. ಅಜ್ಜಿ ಹಾಕುತ್ತಿದ್ದಳು, ತಾಯಿ ಹಾಕುತ್ತಿದ್ದಳು, ಒಲೆಯ ಮುಂದೆ ಫಾದ್ಮಾನನ್ನು ಕೂರಿಸಿಕೊಂಡು ಅವಳ ಪುಟ್ಟ ಬೆರಳು ಹಿಡಿದು ತಾನೇ ಹಾಕಿಸಿದ್ದಳು.

"ಇದು... ಇದು ಯಾರ ಮನೇದಪ್ಪಾ?"

"ಹಜ್ಜಾ ಕೆಂಝಾದು. ಯಾಕವ್ವಾ, ಮುಟ್ಟಬೇಡ, ಬಿಸಿ."

"ಈ ಗುರುತು ಯಾರು ಹಾಕಿದ್ದು?"

"ಅವರ ಮನೇಲಿ ಒಂದು ಬೆಟ್ಟದ ಹುಡುಗಿ ಇತ್ತು, ಅದು ಹಾಕ್ತಿತ್ತು. ಅದು ಹೋದ್ಮೇಲೂ ಅದನ್ನೇ ಹಾಕಿ ಅಂತ ನಾನೇ ಅಂದೆ. ಕಣ್ಣಿಗೆ ರೂಢಿಯಾಗಿಬಿಟ್ಟಿತ್ತು, ಬೆರೆಯೋದಿಲ್ಲ ನೋಡು."

"ಹೋದ್ಮೇಲೆ ಅಂದ್ರೆ?"

ಒಲೆಯವನು ಅವಳ ಮುಖ ನೋಡಿದ. ಸಲಿಕೆ ಕೆಳಗಿಟ್ಟ. "ಆ ನೀಲಿ ಬಾಗಿಲು," ಎಂದ. "ಅಲ್ಲೇ ಕೇಳವ್ವಾ."

ನೀಲಿ ಬಾಗಿಲು ಹನಿಯಾಳ ಮನೆಯಿಂದ ನಾಲ್ಕು ತಿರುವು ಆಚೆ ಇತ್ತು, ಅಷ್ಟೆ. ಆ ಮನೆಯವರು ಎಲ್ಲಿಗೂ ಹೋಗಿರಲಿಲ್ಲ, ಹೋದರೆಂದು ನಂಬಿ ಇವರು ದೂರದ ಗಲ್ಲಿಗಳನ್ನೇ ಸುತ್ತಿದ್ದರು. ಹಜ್ಜಾ ಕೆಂಝಾ ಕೆಟ್ಟ ಹೆಂಗಸಲ್ಲ. ತೂದಾ ಯಾರೆಂದು ತಿಳಿದ ತಕ್ಷಣ ಒಳಗೆ ಕರೆದಳು, ಬೆನ್ನಿಗೆ ದಿಂಬು ಕೊಟ್ಟಳು. ಅದರಿಂದ ತೂದಾಳ ಹೆದರಿಕೆ ಇನ್ನೂ ಹೆಚ್ಚಿತು.

"ನಾನು ಹೊಡೆದೋಳಲ್ಲಮ್ಮಾ, ದೇವರಾಣೆ. ಹಬ್ಬ ಮುಗಿದು ಐದನೇ ದಿನ ಪುದೀನ ತರೋಕೆ ಹೋದೋಳು ಬರಲಿಲ್ಲ. ಅತ್ತೆ ಮನೆಗೆ ಹೋಗಿರಬೇಕು ಅಂತ ಆಳು ಕಳಿಸ್ದೆ. ಬಂದಿದ್ಲು, ಆಗ್ಲೇ ವಾಪಸ್ ಕಳಿಸಿದೀನಿ ಅಂದ್ಲು ಹನಿಯಾ. ಇಲ್ಲಿಗೆ ಬರಲಿಲ್ಲ. ಊರಿಗೇ ಹೋಗಿಬಿಟ್ಟಿದಾಳೆ ಅಂದ್ಕೊಂಡ್ವಿ." ಅವಳು ಮಾತು ನಿಲ್ಲಿಸಿದಳು. "ಊರಿಗೆ ಬರಲಿಲ್ವಾ?"

ತೂದಾ ಬೆನ್ನಿನ ದಿಂಬು ಸರಿಸಿದಳು. ಎದ್ದು ಹೊರಗೆ ಬಂದಳು. ಒಲೆಯವನು ಸುಟ್ಟ ರೊಟ್ಟಿಯ ಹಲಗೆಯನ್ನು ಅವಳ ತಲೆಯ ಮೇಲೆ ತಾನೇ ಎತ್ತಿಟ್ಟ.

ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ತಟ್ಟೆ ಹರಡಿತ್ತು. ಅಲ್ಲಾಲ ಚರ್ಮದ ಗುಂಡಿಗಳ ಹತ್ತಿರವೇ ತಿನ್ನುತ್ತಿದ್ದ, ಮೂವರು ಹೆಂಗಸರಷ್ಟೇ ಇದ್ದರು. ತೂದಾ ಹಲಗೆಯನ್ನು ಹನಿಯಾಳ ಮುಂದೆ ಇಳಿಸಿದಳು.

"ರೊಟ್ಟಿ ಬಿಸಿಯಾಗಿದೆ. ತಿನ್ನು," ಎಂದಳು. ಅತ್ತಿಗೆ ಅನ್ನುವುದು ನಿಂತುಹೋಗಿತ್ತು. "ತಿಂದು ಹೇಳು. ನನ್ನ ಮಗಳು ಈ ಬಾಗಿಲಿಗೆ ಬಂದಾಗ ಅವಳಿಗೆ ತಿನ್ನೋಕೆ ಏನಾದ್ರೂ ಕೊಟ್ಯಾ?"

ಹನಿಯಾ ಸಲ್ವಾಳನ್ನು ನೋಡಿದಳು.

"ನಾನೇ ಅತ್ತೇನ ಆ ಒಲೆಗೆ ಕಳಿಸ್ದೆ," ಎಂದಳು ಸಲ್ವಾ. "ಹೊಡಿ ಬೇಕಾದ್ರೆ. ನಂಗೆ ಗಂಟಲಲ್ಲಿ ಅನ್ನ ಇಳೀತಿಲ್ಲ ನಾಲ್ಕು ತಿಂಗಳಿಂದ."

"ಕೊಟ್ಟೆ," ಎಂದಳು ಹನಿಯಾ. ಅವಳ ಕೈ ಮಡಿಲಲ್ಲಿದ್ದ ಗುಂಡಿಯ ದಾರವನ್ನು ಸುತ್ತುತ್ತಲೇ ಇತ್ತು. "ಮೊಟ್ಟೆ ಕೊಟ್ಟೆ. ಚಹಾ ಕೊಟ್ಟೆ. ಹಬ್ಬಕ್ಕೆ ಕಳಿಸ್ತೀನಿ ಅಂದಿದ್ರಿ, ಹಬ್ಬ ಆಗೋಯ್ತು, ನಾನು ಅಮ್ಮನ ಹತ್ರ ಹೋಗ್ತೀನಿ ಅತ್ತೆ ಅಂತ ಒಂದೇ ಸಮ ಅಂತಿದ್ಲು. ನಾನು..."

"ನಾನು ವಾಪಸ್ ಬಿಟ್ಟು ಬಾ ಅಂದೆ," ಎಂದಳು ಲಲ್ಲಾ ಬತೂಲ್. ಮುದುಕಿಯ ಧ್ವನಿಯಲ್ಲಿ ಮಾಮೂಲಿನ ಚುಚ್ಚು ಇರಲಿಲ್ಲ. "ಗುಂಡಿ ಕೆಲಸ ಕೊಡೋದು ಆ ಹಜ್ಜಾನ ಮಗನ ಅಂಗಡಿ. ಅವರ ಮನೆ ಹುಡುಗಿ ನಮ್ಮ ಹೊಸ್ತಿಲೊಳಗೆ ಸಿಕ್ಕರೆ ನಾಳೆಯಿಂದ ದಾರ ಯಾರು ಕೊಡ್ತಾರೆ? ಹೊಟ್ಟೆಗೇನು ಮಾಡೋದು? ನಾನೇ ಅಂದೆ."

"ಆ ಹಸಿರು ಬಟ್ಟೆ?"

"ನಾನೇ ಕೊಂಡು ಕಳಿಸ್ದೆ," ಎಂದಳು ಹನಿಯಾ. "ಹುಡುಕ್ತಿದ್ದೆ ತೂದಾ. ದಿನಾ ಹುಡುಕ್ತಿದ್ದೆ. ಸಿಕ್ಕಮೇಲೆ ಹೇಳೋಣ ಅಂತ, ಇವತ್ತು ಸಿಗ್ತಾಳೆ, ನಾಳೆ ಸಿಗ್ತಾಳೆ ಅಂತ..."

ತೂದಾ ತಲೆಯ ಮೇಲಿನ ವಸ್ತ್ರವನ್ನು ಎಳೆದು ರೊಟ್ಟಿಗಳ ಮೇಲೆ ಎಸೆದಳು. ಅವಳಿಗೆ ಅಳು ಬರಲಿಲ್ಲ. ಅವಳ ಸಿಟ್ಟು ಹನಿಯಾಳ ಮೇಲೆ ಎಷ್ಟಿತ್ತೋ ಹತ್ತು ವರ್ಷದ ಕೂಸನ್ನು ಬಸ್ಸು ಹತ್ತಿಸಿದ ತನ್ನ ಮೇಲೂ ಅಷ್ಟೇ ಇತ್ತು.

"ಏಳು," ಎಂದಳು. "ಎಲ್ಲಿ ಬಿಟ್ಟೆ ತೋರಿಸು."

ಇಬ್ಬರೂ ಗಲ್ಲಿಗಿಳಿದರು. ಹನಿಯಾ ಒಂದು ನೀರಿನ ಕಟ್ಟೆಯ ಬಳಿ ನಿಂತಳು. ಅಲ್ಲಿಂದ ಮೂರು ಗಲ್ಲಿ ಒಡೆಯುತ್ತಿದ್ದವು.

"ಇಲ್ಲಿ. ಇಲ್ಲಿವರೆಗೂ ಕೈ ಹಿಡ್ಕೊಂಡು ಬಂದೆ. ನೇರ ಹೋಗು, ಎಡಕ್ಕೆ ತಿರುಗು, ನೀಲಿ ಬಾಗಿಲು ಅಂದೆ. ಒಲೆ ಮೇಲೆ ಸಾರಿತ್ತು, ವಾಪಸ್ ಬಂದೆ."

"ತಿರುಗಿ ನೋಡಿದ್ಲಾ?"

"ಏನು?"

"ಫಾದ್ಮಾ. ಹೋಗೋವಾಗ ತಿರುಗಿ ನೋಡಿದ್ಲಾ?"

"ನಾನೇ ತಿರುಗಿ ನೋಡಲಿಲ್ಲ ತೂದಾ, ನಂಗೇನು ಗೊತ್ತು," ಎಂದು ಹನಿಯಾ ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡಳು.

"ನೀನಿನ್ನು ಮನೆಗೆ ಹೋಗು."

ಹನಿಯಾ ಹೋದ ಮೇಲೆ ತೂದಾ ಆ ಕಟ್ಟೆಯ ಬಳಿ ನಿಂತಳು. ನೇರ ಹೋಗುವ ಗಲ್ಲಿ ಹಜ್ಜಾನ ಮನೆಯ ಕಡೆಗೆ, ಅಲ್ಲಿಗೆ ಕೂಸು ಹೋಗಿಲ್ಲ. ಬಲಗಡೆಯ ಗಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಏರುತ್ತಿತ್ತು, ಅದರ ತುದಿಯಲ್ಲಿ ಊರಿನ ಬಾಗಿಲು, ಬಾಗಿಲಾಚೆ ಬಸ್ಸು. ಎಡಗಡೆಯ ಗಲ್ಲಿ ಇಳಿಯುತ್ತಿತ್ತು. ಕಟ್ಟೆಯಿಂದ ಚೆಲ್ಲಿದ ನೀರು ಕಲ್ಲಿನ ಸಂದಿಯಲ್ಲಿ ಎಡಕ್ಕೇ ಹರಿದು ಹೋಗುತ್ತಿತ್ತು. ಅದನ್ನು ನೋಡುತ್ತಿದ್ದಂತೆ ತೂದಾಳಿಗೆ ತಾನೇ ಹೇಳಿಕೊಟ್ಟದ್ದು ನೆನಪಾಯಿತು. ಬೆಟ್ಟದಲ್ಲಿ ಪ್ರತಿ ತಾಯಿಯೂ ಕೂಸಿಗೆ ಮಾತು ಬರುವ ಮೊದಲೇ ಹೇಳಿಕೊಡುವುದು ಒಂದೇ: ದಾರಿ ತಪ್ಪಿದರೆ ಅಳಬೇಡ, ನೀರು ಹುಡುಕು, ನೀರು ಹೋದ ಕಡೆ ಇಳಿಯುತ್ತ ಹೋಗು, ಊರು ಸಿಗುತ್ತದೆ. ಅಲ್ಲಿ ಎಲ್ಲ ನೀರೂ ಊರಿಗೇ ಇಳಿಯುತ್ತದೆ. ತೂದಾ ಅದನ್ನು ಫಾದ್ಮಾನಿಂದ ನೂರು ಸಲ ಬಾಯಿಪಾಠ ಹೇಳಿಸಿದ್ದಳು, ತಪ್ಪಿದಾಗ ಕಿವಿ ಹಿಂಡಿದ್ದಳು.

ಅವಳು ಎಡಕ್ಕೆ ಓಡಿದಳು. ಗಲ್ಲಿ ತಿರುಗಿ ತಿರುಗಿ ತಗ್ಗಿಗೆ ಇಳಿದು ಹೊಳೆಯ ಬಳಿ ಬಯಲಾಯಿತು. ಚರ್ಮದ ನಾತ ಮುಖಕ್ಕೆ ಹೊಡೆಯಿತು. ನೀರಿನ ಅಂಚಿನಲ್ಲಿ ಒಬ್ಬಳು ದಪ್ಪ ಹೆಂಗಸು ಚರ್ಮದಿಂದ ಕಿತ್ತ ಉಣ್ಣೆಯನ್ನು ಬುಟ್ಟಿಯಲ್ಲಿ ಅದ್ದಿ ತೊಳೆಯುತ್ತಿದ್ದಳು.

"ಅಕ್ಕಾ, ಒಂದು ಹುಡುಗಿ, ಹನ್ನೆರಡು ವರ್ಷ, ಹೆಸರು ಫಾದ್ಮಾ, ಗದ್ದದ ಮೇಲೆ ಮಚ್ಚೆ. ಬಲಿಯ ಹಬ್ಬ ಆದ್ಮೇಲೆ..."

"ಬೆಟ್ಟದ ಕೂಸಾ?" ಎಂದಳು ಅವಳು, ಕೈ ನಿಲ್ಲಿಸದೆ. "ಇತ್ತು. ಹಬ್ಬದ ಚರ್ಮ ರಾಶಿ ಬಿದ್ದಿತ್ತಲ್ಲ, ಆವಾಗ. ಎರಡು ದಿನ ನನ್ನ ಪಕ್ಕದಲ್ಲೇ ಕೂತು ಉಣ್ಣೆ ತೊಳೀತು, ನನ್ನ ರೊಟ್ಟೀಲೇ ತಿಂತು. ಬುದ್ಧಿವಂತೆ. ಆದ್ರೆ ಒಂದೇ ಪ್ರಶ್ನೆ ಅದರದು. ಈ ನೀರು ನಮ್ಮೂರಿಗೆ ಹೋಗುತ್ತಾ, ಈ ನೀರು ನಮ್ಮೂರಿಗೆ ಹೋಗುತ್ತಾ. ತಲೆ ತಿಂತಿತ್ತು. ಹೋಗುತ್ತೆ ಹೋಗು ಅಂದ್ಬಿಟ್ಟೆ."

ತೂದಾಳ ಮುಖ ನೋಡಿ ಅವಳ ಕೈ ನಿಂತಿತು.

"ತಮಾಷೆಗೆ ಅಂದೆ ಕಣವ್ವಾ. ಮಾರನೇ ಬೆಳಗ್ಗೆ ನೋಡ್ತೀನಿ, ಇರಲಿಲ್ಲ."

"ಈ ನೀರು ಎಲ್ಲಿಗೆ ಹೋಗುತ್ತೆ?"

"ಸೆಬೂ ಹೊಳೆಗೆ. ಅದು ಬಯಲು ದಾಟಿ ಸಮುದ್ರಕ್ಕೆ."

ಬೆಟ್ಟ ಹಿಂದಿತ್ತು. ನೀರು ಹೋಗುತ್ತಿದ್ದದ್ದು ಬೆಟ್ಟಕ್ಕೆ ಬೆನ್ನು ಹಾಕಿ.

ಅಲ್ಲಿಂದ ಐವತ್ತು ಹೆಜ್ಜೆಯಲ್ಲಿ ಸುಣ್ಣದ ಗುಂಡಿಗಳು. ಅಲ್ಲಾಲ ಹತ್ತು ದಿನದಿಂದ ಅಲ್ಲೇ ಇದ್ದ, ಈ ಹೆಂಗಸಿನ ಎದುರೇ ದಿನಕ್ಕೆ ನಾಲ್ಕು ಸಲ ಓಡಾಡಿದ್ದ, ನಾಚಿಕೆಯಿಂದ ಯಾರನ್ನೂ ಏನೂ ಕೇಳಿರಲಿಲ್ಲ. ತೂದಾ ಗುಂಡಿಯ ಅಂಚಿಗೆ ಬಂದು ನಿಂತಳು. ತಲೆಯ ಮೇಲೆ ವಸ್ತ್ರವಿಲ್ಲದೆ ನಿಂತ ಹೆಂಡತಿಯನ್ನು ಅವನು ಮದುವೆಯಾದಾಗಿಂದ ಹೊರಗೆ ಎಂದೂ ನೋಡಿರಲಿಲ್ಲ.

"ಫಾದ್ಮಾನ ಅಪ್ಪಾ, ಮೇಲೆ ಬಾ. ಕೂಸು ನೀರಿನ ಜೊತೆ ಹೋಗಿದೆ."

ಅವನು ಏಕೆ, ಏನು ಎಂದು ಕೇಳಲಿಲ್ಲ. ಬೆಟ್ಟದವನಿಗೆ ಅಷ್ಟು ಮಾತು ಸಾಕಾಗಿತ್ತು. ಗುಂಡಿಯಿಂದ ಹತ್ತಿ ಬಂದ, ಕಾಲಿನ ಸುಣ್ಣ ತೊಳೆ ಎಂದು ಮೇಸ್ತ್ರಿ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ. ಇಬ್ಬರೂ ಹೊಳೆಯ ದಂಡೆ ಹಿಡಿದು ನೀರು ಹೋಗುವ ಕಡೆಗೆ ನಡೆಯತೊಡಗಿದರು.

ಉಣ್ಣೆಯ ಹೆಂಗಸು ಬುಟ್ಟಿ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಓಡಿ ಬಂದಳು. "ಎಲ್ಲಿಗೆ ಹೋಗ್ತೀರವ್ವಾ? ನಾಲ್ಕು ತಿಂಗಳಾಯ್ತು!"

ತೂದಾ ನಿಲ್ಲಲಿಲ್ಲ. "ಚಿಕ್ಕೋಳು," ಎಂದಳು. "ನಿಧಾನಕ್ಕೆ ನಡೀತಾಳೆ."